ಓಡಿಹೋದ ನೀಲಿ ಮಡಕೆ

"ಓಡಿಹೋಗಿದೆ," ಎಂದಳು ಖಂಫಾ ಅಜ್ಜಿ.

ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಿನಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು. ಮುಂದೆ ನೂಲಿಗೆ ಬಣ್ಣ ಹಾಕುವ ಮಡಕೆ. ಅದರ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ತೋರುಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿ, ಪಕ್ಕಕ್ಕೆ ಉಗುಳಿದಳು. ಮಗಳು ಲಮ್ಯೈ ಬಗ್ಗಿ ನೋಡಿದಳು. ನೇರಳೆ ಮಿಂಚಿನ ನೊರೆ ಇರಲಿಲ್ಲ. ನೂಲನ್ನು ನೀಲಿ ಮಾಡುವ ಆ ಹಳದಿ ಹಸಿರು ನೀರೂ ಇರಲಿಲ್ಲ. ಪಾತ್ರೆ ತೊಳೆದಂಥ ಬೂದು ನೀರು, ಅದರ ಮೇಲೆ ಕೊಳೆತ ವಾಸನೆ.

"ಒಂದಿಷ್ಟು ಹುಣಿಸೇ ನೀರು ಹಾಕಿ ನೋಡೋಣ್ವಾ ಅವ್ವ?"

"ಹೆಣದ ಬಾಯಿಗೆ ಗಂಜಿ ಹಾಕ್ತೀಯಾ?"

ಮೇಲೆ ಜಗಲಿಯಲ್ಲಿ ಕೂತು ಅಂಟಕ್ಕಿ ಅನ್ನವನ್ನು ಉಂಡೆ ಕಟ್ಟುತ್ತಿದ್ದ ಲಮ್ಯೈಯ ಗಂಡ ಪ್ರಯೂನ್ ಅಲ್ಲಿಂದಲೇ ಕೂಗಿದ: "ಓಡಿಹೋಗಿದ್ರೆ ಯಾರ ಜೊತೆ ಅಂತ ವಿಚಾರ್ಸು ಲಮ್ಯೈ. ನಾನೂ ಹೋಗ್ತಿದ್ದೆ, ಕರೀಲೇ ಇಲ್ಲ."

ಯಾರೂ ನಗಲಿಲ್ಲ. ಪ್ರಯೂನ್ ಉಂಡೆಯನ್ನು ಮೆಣಸಿನ ಚಟ್ನಿಗೆ ಅದ್ದಿ ಸುಮ್ಮನೆ ಬಾಯಿಗೆ ಹಾಕಿಕೊಂಡ.

ನಾ ಫಾಂಗ್ ಊರಿನಲ್ಲಿ ಮಡಕೆ ಕೆಟ್ಟಿತು ಎನ್ನುವುದಿಲ್ಲ, ಓಡಿಹೋಯಿತು ಎನ್ನುತ್ತಾರೆ. ಮನೆಯಲ್ಲಿ ಜಗಳವಾದರೆ ಅದು ಮುನಿಯುತ್ತದೆ. ಸಾವಿನ ಮನೆಯಿಂದ ಬಂದ ಕೈ ಮುಟ್ಟಿದರೆ ಹೊರಟೇಬಿಡುತ್ತದೆ. ಆ ಚಳಿಗಾಲ ಖಂಫಾಳ ಅಕ್ಕ ತೀರಿಕೊಂಡಿದ್ದಳು. ಊರಿನ ಹೆಂಗಸರಿಗೆಲ್ಲ ಬಣ್ಣದ ಕೆಲಸ ಕಲಿಸಿದವಳು ಆಕೆ. ಹಾಗಾಗಿ ಎಲ್ಲರೂ ಹೆಣದ ಬಳಿ ಕೂತರು, ಎಲ್ಲರೂ ಮೊದಲೇ ತಮ್ಮ ತಮ್ಮ ಮಡಕೆಯ ಬಾಯಿ ಕಟ್ಟಿಟ್ಟು ಬಂದಿದ್ದರು. ಒಬ್ಬಳಾದರೂ ಹೊರಗೆ ಉಳಿದಿದ್ದರೆ ಎಲ್ಲರ ಮಡಕೆಗೂ ದಿನದ ಬೆಲ್ಲ, ಬೂದಿನೀರು ಹಾಕಿ ಕಲಕುತ್ತಿದ್ದಳು. ಉಳಿಯಲಿಲ್ಲ. ಆ ವಾರ ಸಕೊನ್ ನಕೊನ್ ಸೀಮೆಯಲ್ಲಿ ಎಮ್ಮೆಗಳಿಗೂ ಗೋಣಿ ಹೊದಿಸುವಂಥ ಚಳಿ ಬಿತ್ತು. ಭಿಕ್ಷುಗಳ ಪಠಣ ಮುಗಿದು, ಶುದ್ಧವಾಗಿ, ಬಟ್ಟೆ ಬಿಚ್ಚಿ ನೋಡಿದರೆ ಊರಿನ ಒಂದು ಮಡಕೆಯಲ್ಲೂ ಜೀವ ಇರಲಿಲ್ಲ. ಕಲಿಸಿದವಳಿಗೆ ಮರ್ಯಾದೆ ಕೊಡಲು ಹೋಗಿ ಆಕೆ ಕಲಿಸಿದ್ದನ್ನೇ ಕಳೆದುಕೊಂಡು ಕೂತಿದ್ದರು.

ಮಾರನೇ ವಾರದಿಂದ ಹೆಂಗಸರು ಒಬ್ಬೊಬ್ಬರಾಗಿ ಹೊಳೆಯಾಚೆಯ ಊರಿಗೆ ಹೋದರು, ಹೆಪ್ಪಿಗೆ ಜೀವಂತ ನೀರು ತರಲು. ಮಡಕೆಯ ನೀರನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಐದು ಜೊತೆ ಹೂವು, ಐದು ಜೊತೆ ಮೇಣದ ಬತ್ತಿ ಇಟ್ಟ ತಟ್ಟೆ ಹಿಡಿದು ಕೇಳಬೇಕು. ಕೇಳಿದರೆ ಇಲ್ಲ ಎನ್ನುವಂತಿಲ್ಲ. ಕೊಟ್ಟವರ ಮಡಕೆ ಓಡಿಹೋದ ದಿನ, ತೆಗೆದುಕೊಂಡವರು ಮರಳಿ ಕೊಡಬೇಕು. ಅಷ್ಟೇ ಕರಾರು.

"ನಾವೂ ಹೋಗೋಣ ಅವ್ವ," ಎಂದಳು ಲಮ್ಯೈ, ಕಳಲೆ ಸಾರು ಬಡಿಸುತ್ತ. "ಮಗ್ಗ ಖಾಲಿ ಕೂತಿದೆ. ಗಿರಾಕಿಗಳು ದಿನಾ ಫೋನ್ ಮಾಡ್ತಿದಾರೆ."

"ನೀನು ಹೋಗು. ನಿನ್ನ ಮಡಕೆ ಬೇರೆ ಇಟ್ಕೋ. ನನ್ನ ಮಡಕೆಗೆ ಆ ಊರಿನ ನೀರು ಬೇಡ."

"ನೀರಲ್ಲೂ ಜಾತಿ ಹುಡುಕ್ತೀಯಲ್ಲ."

"ಜಾತಿ ಅಲ್ವೇ, ವಂಶ. ನನ್ನಜ್ಜಿಯ ಅಜ್ಜಿ ಮೆಕಾಂಗ್ ದಾಟುವಾಗ ಒಂದು ಸೊಂಟದಲ್ಲಿ ಕೂಸು, ಇನ್ನೊಂದು ಸೊಂಟದಲ್ಲಿ ಈ ನೀರು ತುಂಬಿದ ಸೋರೆಬುರುಡೆ ಇತ್ತಂತೆ. ಎರಡ್ರಲ್ಲಿ ಯಾವ್ದು ಮೊದಲು ಬಿಡ್ತಿದ್ಲೋ ನಂಗೊತ್ತಿಲ್ಲ."

"ಕೂಸನ್ನೇ ಬಿಡ್ತಿದ್ಲು," ಎಂದ ಪ್ರಯೂನ್. "ಈ ಮನೆ ಹೆಂಗಸರನ್ನ ನೋಡಿದ್ರೆ ಗೊತ್ತಾಗಲ್ವಾ."

ಈ ಸಲ ಅಜ್ಜಿಗೂ ನಗು ಬಂತು. ಆದರೆ ಅವಳು ಸಾರು ಮುಟ್ಟಲಿಲ್ಲ. ಬರೀ ಅನ್ನ ತಿಂದು ಎದ್ದಳು. ಆಮೇಲೆ ದಿನವೂ ಹಾಗೆಯೇ ಆಯಿತು. ಬೆಳಗಾದರೆ ಸತ್ತ ಮಡಕೆಯ ಮುಂದೆ ಹೋಗಿ ಕೂರುವುದು, ಬಟ್ಟೆ ಬಿಚ್ಚುವುದು, ಕಟ್ಟುವುದು. ಬೆರಳ ಸಂದಿಯ ನೀಲಿ ಮಾಸತೊಡಗಿದಾಗ ಅವಳು ಅದನ್ನು ಹೆಗಲ ಬಟ್ಟೆಯಲ್ಲಿ ಮುಚ್ಚಿಕೊಳ್ಳಲು ಶುರುಮಾಡಿದಳು. ಲಮ್ಯೈಗೆ ಅದನ್ನು ನೋಡಲಾಗಲಿಲ್ಲ. ಹುಟ್ಟಿದಾಗಿನಿಂದ ಅವಳು ಅವ್ವನ ಕೈಯನ್ನು ಬೇರೆ ಬಣ್ಣದಲ್ಲಿ ಕಂಡೇ ಇರಲಿಲ್ಲ.

ಆ ಶನಿವಾರ ಖೊನ್ ಕೇನ್‌ನಿಂದ ಲಮ್ಯೈಯ ಮಗಳು ದಾರಿನಿ ಬಂದಳು. ಅಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಅವಳಿಗೆ ಕೆಲಸ. ಬೆನ್ನಿನ ಚೀಲ ಇಳಿಸುವ ಮೊದಲೇ ಗಾಜಿನ ಪುಟ್ಟ ಶೀಶೆಯೊಂದನ್ನು ತೆಗೆದು ಊಟದ ಚಾಪೆಯ ಮೇಲಿಟ್ಟಳು. ಒಳಗೆ ಗಾಢ ನೀಲಿ ಪುಡಿ.

"ಎಲೆ ಇಲ್ಲ, ಗಿಡ ಇಲ್ಲ. ಬ್ಯಾಕ್ಟೀರಿಯಾ ಮಾಡಿದ್ದು. ಕಣ್ಣಿಗೆ ಕಾಣದಿರೋ ಹುಳ ಅಂದ್ಕೋ ಅವ್ವ. ಅದಕ್ಕೆ ನೀಲಿ ಗಿಡದ ಕೆಲಸ ಕಲಿಸಿದೀವಿ. ಸಕ್ಕರೆ ತಿನ್ನುತ್ತೆ, ನೀಲಿ ಕೊಡುತ್ತೆ."

ಲಮ್ಯೈ ಶೀಶೆಯನ್ನು ಬೆಳಕಿಗೆ ಹಿಡಿದಳು. ಬಣ್ಣ ಚೆನ್ನಾಗಿಯೇ ಇತ್ತು. ಅದೇ ಅವಳ ಹೊಟ್ಟೆ ಉರಿಸಿತು.

"ಹಂಗಾದ್ರೆ ನಮ್ಮ ಹೊಲದ ಸೊಪ್ಪನ್ನ ಎಮ್ಮೆಗೆ ಹಾಕೋದಾ?"

"ನಿನ್ನ ಸೊಪ್ಪಿನ ತಂಟೆಗೆ ಯಾರು ಬಂದ್ರು? ಪ್ರಪಂಚದಲ್ಲಿರೋ ಜೀನ್ಸ್ ಪ್ಯಾಂಟಿಗೆಲ್ಲ ನೀಲಿ ಎಲ್ಲಿಂದ ಬರ್ತಿದೆ ಗೊತ್ತಾ? ಪೆಟ್ರೋಲಿಯಂನಿಂದ. ಅದನ್ನ ನೀರಲ್ಲಿ ಕರಗಿಸೋಕೆ ಸುಡೋ ಕೆಮಿಕಲ್ಲು. ಆ ನೀರೆಲ್ಲ ಯಾವುದೋ ಬಡವರೂರಿನ ಹೊಳೆಗೆ. ಆ ವಿಷಾನ ಓಡಿಸೋಕೆ ನಾವು ಹೊರಟಿರೋದು. ನೀನು ನೇಯ್ದ ಬಟ್ಟೆ ಕೊಳ್ಳೋಳು ನಿನ್ನ ಹತ್ರಾನೇ ಕೊಳ್ತಾಳೆ."

"ಮಾತು ಚೆನ್ನಾಗಿ ಕಲ್ತಿದೀಯ."

"ಕೆಲಸಾನೂ ಕಲ್ತಿದೀನಿ. ಎರಡು ವರ್ಷ ನಮ್ಮ ಹುಳ ಒಂದು ಚಿಟಿಕೆ ನೀಲಿ ಕೊಟ್ಟು ಸುಸ್ತಾಗಿ ಮಲಗ್ತಿತ್ತು. ತಾನು ಮಾಡಿದ ಬಣ್ಣ ತನ್ನ ಮೈಮೇಲೇ ಗಟ್ಟಿಯಾಗಿ ಕೂರೋದು. ಆ ಬಣ್ಣಾನ ಕರಗಿಸೋ ಗುಣ ಇನ್ನೊಂದು ಹುಳದಿಂದ ತಂದು ಇದಕ್ಕೆ ಸೇರಿಸಿದ್ವಿ ನೋಡು, ಹತ್ತರಷ್ಟು ಕೊಡ್ತಿದೆ ಈಗ!" ಅವಳು ಅಜ್ಜಿಯ ಕಡೆ ತಿರುಗಿ ಹೆಮ್ಮೆಯಿಂದ ನಕ್ಕಳು. "ಆ ಹುಳ ಯಾರದು ಗೊತ್ತಾ? ನಿನ್ನ ಮಡಕೇದೇ ಅಜ್ಜಿ."

ಪ್ರಯೂನ್‌ನ ಕೈಯಲ್ಲಿದ್ದ ಅನ್ನದ ಉಂಡೆ ಅಲ್ಲೇ ನಿಂತಿತು.

"ಯಾವಾಗ ತಗೊಂಡೆ?" ಅಜ್ಜಿ ಕೇಳಿದಳು.

"ಹೋದ ವರ್ಷ, ಹೊಸ ವರ್ಷದ ಹಬ್ಬಕ್ಕೆ ಬಂದಾಗ. ಖಾಲಿ ಕೆಚಪ್ ಬಾಟ್ಲಿ ಇತ್ತಲ್ಲ, ಅದ್ರಲ್ಲಿ."

"ತಟ್ಟೆ?"

"ಏನು?"

"ಹೂವಿನ ತಟ್ಟೆ. ಇಟ್ಟು ಕೇಳಿದ್ಯಾ?"

ದಾರಿನಿ ಅಪ್ಪನ ಮುಖ ನೋಡಿದಳು. ಅಜ್ಜಿ ತನ್ನ ಮುಂದಿದ್ದ ಅನ್ನದ ಬುಟ್ಟಿಯ ಮುಚ್ಚಳ ಮುಚ್ಚಿದಳು.

"ಇವಳು ಕೇಳ್ದೆ ತಗೊಂಡು ಹೋಗಿದಾಳೆ. ಅದಕ್ಕೇ ಅದು ನಿಲ್ಲಲಿಲ್ಲ."

"ಅಯ್ಯೋ ಅಜ್ಜಿ! ಚಳೀಲಿ ಉಪವಾಸ ಹಾಕಿ ಕೊಂದೋರು ನೀವು, ಊರ ಹೆಂಗಸರೆಲ್ಲ ಸೇರಿ. ಈಗ ನನ್ನ ತಲೆಗೆ ಕಟ್ತೀರಾ? ನಾನೇನು ಕದ್ದಿಲ್ಲ. ನಮ್ಮನೆ ನೀರು ಅದು."

"ನಿಂಗೆ ನಮ್ಮನೆ ನೀರು. ನೀನು ಯಾರ ಕೈಗೆ ಕೊಟ್ಟೆಯೋ, ಅವರಿಗೆ ಅದು ಯಾರ ಮನೆ ನೀರು?"

ಲಮ್ಯೈ ಇಬ್ಬರ ನಡುವೆ ಕೂತಿದ್ದಳು. ಅವಳ ತಲೆಯಲ್ಲಿ ಒಂದೇ ಮಾತು ಸಿಕ್ಕಿಕೊಂಡಿತ್ತು. "ಏ ದಾರಿನಿ, ಆ ನೀರು ಅಲ್ಲಿ ಜೀವಂತ ಇದೆಯಾ?"

"ಇದೆ. ನಾವು ಬೇರ್ಪಡಿಸಿದ ಹುಳಾನೂ ಇದೆ, ಇಡೀ ನೀರನ್ನ ಹಂಗೇ ಹೆಪ್ಪುಗಟ್ಟಿಸಿದ್ದೂ ಇದೆ. ಕರಗಿಸಿ ಊಟ ಕೊಟ್ರೆ ಎದ್ದು ಕೂರುತ್ತೆ."

"ಹಂಗಾದ್ರೆ ತಗೊಂಡು ಬಾರೇ!"

ದಾರಿನಿಯ ಮುಖ ಇಳಿಯಿತು. "ತರೋಕಾಗಲ್ಲ ಅವ್ವ. ಖರ್ಚು ಹಾಕಿರೋದು ಬ್ಯಾಂಕಾಕಿನ ಕಂಪನಿ. ಪೇಟೆಂಟಿಗೆ ಹಾಕಿದಾರೆ, ಹುಳದ ಮೇಲೆ ಹಕ್ಕು ತಮ್ಮದು ಅಂತ. ಅದು ಇತ್ಯರ್ಥ ಆಗೋವರೆಗೂ ಒಂದು ಹನಿ ಹೊರಗೆ ಹೋಗೋ ಹಂಗಿಲ್ಲ. ತಂದ್ರೆ ನನ್ನ ಕೆಲಸ ಹೋಗುತ್ತೆ."

ಖಂಫಾ ಎದ್ದು ಒಳಗೆ ಹೋದಳು. ಆ ರಾತ್ರಿ ಮೊಮ್ಮಗಳು ಬಡಿಸಿದ್ದನ್ನು ಮುಟ್ಟಲಿಲ್ಲ. ಮಾರನೇ ದಿನ ದಾರಿನಿ ಬಸ್ಸು ಹತ್ತುವಾಗಲೂ ಅಜ್ಜಿ ಮಾತಾಡಲಿಲ್ಲ.

ಕಾಡು ಕೊಳ್ಳೆ ಹೊಡೆಯುವವನು ಕೊಡಲಿ ಹಿಡಿದು ಬರುತ್ತಾನೆ, ಅವನನ್ನು ಕಂಡರೆ ನಾಯಿಯಾದರೂ ಬೊಗಳುತ್ತದೆ. ಈ ಕಂಪನಿಯವರು ಕೆಚಪ್ ಬಾಟ್ಲಿಯಲ್ಲಿ ಬಂದಿದ್ದರು, ಮನೆಯ ಮಗಳ ಕೈಯಲ್ಲೇ, ಹಬ್ಬದ ದಿನ. ಆರು ತಲೆಮಾರು ಹೆಂಗಸರು ಹುಣಿಸೆ, ಬೆಲ್ಲ, ಬೂದಿನೀರು ಉಣಿಸಿ, ಜೋಗುಳ ಹಾಡುವಂತೆ ಕಲಕಿ ಸಾಕಿದ ಜೀವಕ್ಕೆ ಬ್ಯಾಂಕಾಕಿನಲ್ಲಿ ಕೂತವನೊಬ್ಬ ಅಪ್ಪನಾಗಲು ಹೊರಟಿದ್ದ.

ಬುಧವಾರ ಲಮ್ಯೈ ಬುಟ್ಟಿ ತುಂಬ ಅಂಟಕ್ಕಿ ಅನ್ನ, ಸುಟ್ಟ ಮೀನು ಕಟ್ಟಿಕೊಂಡು ಬಸ್ಸು ಹತ್ತಿದಳು. ಎಮ್ಮೆಗಳನ್ನು ಬಿಟ್ಟು ಬರಲಾರೆ ಎಂದ ಪ್ರಯೂನ್, "ಜಗಳ ಆಡಿದ್ರೆ ನನ್ನ ಹೆಸರೂ ಸೇರ್ಸು," ಎಂದು ಕಳಿಸಿದ.

ಪ್ರಯೋಗಶಾಲೆಯಲ್ಲಿ ದಾರಿನಿಯ ಮೇಲಧಿಕಾರಿ ಪ್ರೊಫೆಸರ್ ಆದಿಸೊರ್ನ್ ಲಮ್ಯೈಯನ್ನು ಕೈಮುಗಿದು ಕೂರಿಸಿದರು. ಅವರೂ ಸಕೊನ್ ನಕೊನ್ ಸೀಮೆಯವರೇ, ಮಾತಿನಲ್ಲಿ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಕಂಪನಿಯ ಥನಾವತ್ ಇದ್ದ. ಇಸ್ತ್ರಿ ಮುರಿಯದ ಅಂಗಿ, ಮುಖದ ತುಂಬ ನಗು.

"ನಿಮ್ಮ ತಾಯಿ ನಮಗೆ ತುಂಬಾ ದೊಡ್ಡವರು ಅಮ್ಮ," ಎಂದ ಥನಾವತ್. "ಅವರ ಫೋಟೋನ ನಮ್ಮ ಆಫೀಸಿನ ಗೋಡೆ ಮೇಲೆ ಹಾಕ್ತೀವಿ."

"ನನ್ನವ್ವ ಇನ್ನೂ ಬದುಕಿದಾಳೆ. ಗೋಡೆಗೆ ಯಾಕೆ ನೇತಾಕ್ತೀರಿ? ನಮ್ಮ ಮಡಕೆ ಓಡಿಹೋಗಿದೆ, ನೀರು ವಾಪಸ್ ಕೊಡಿ."

"ಅದು ಈಗ ಅಷ್ಟು ಸುಲಭ ಇಲ್ಲ. ನೋಡಿ, ಮಡಕೆಯೊಳಗಿನ ಬ್ಯಾಕ್ಟೀರಿಯಾ ಪ್ರಕೃತೀದು. ಅದು ಯಾರ ಸ್ವತ್ತೂ ಅಲ್ಲ."

"ಯಾರ ಸ್ವತ್ತೂ ಅಲ್ದೆ ಇರೋದು ನಿಮ್ಮ ಪೆಟ್ಟಿಗೇಲಿ ಯಾಕೆ ಬೀಗ ಹಾಕ್ಕೊಂಡು ಕೂತಿದೆ?"

ಪ್ರೊಫೆಸರ್ ಕೆಮ್ಮಿದರು. ದಾರಿನಿ ನೆಲ ನೋಡಿದಳು. ಥನಾವತ್‌ನ ನಗು ಮಾತ್ರ ಹಾಗೆಯೇ ಇತ್ತು.

"ಅಮ್ಮ, ನಾವೇ ನಿಮ್ಮೂರಿಗೆ ಬರ್ತೀವಿ. ಒಂದು ಚಿಕ್ಕ ಫಿಲ್ಮ್ ಮಾಡ್ತಿದೀವಿ. ಅಜ್ಜಿಯ ಮಡಕೆ, ಮೊಮ್ಮಗಳ ಪ್ರಯೋಗಶಾಲೆ, ಎರಡೂ ಅಕ್ಕಪಕ್ಕ. ಊರಿಗೂ ಹೆಸರು ಬರುತ್ತೆ."

ಲಮ್ಯೈ ತುಸು ಹೊತ್ತು ಅವನ ಮುಖವನ್ನೇ ನೋಡಿದಳು. ಸಂತೆಯಲ್ಲಿ ಸುಳ್ಳು ನೀಲಿ ಬಟ್ಟೆಯನ್ನು ಬೆರಳಿನಿಂದ ಉಜ್ಜಿ ನೋಡುವ ಹಾಗೆ.

"ಬನ್ನಿ. ಆದ್ರೆ ಅವ್ವನ ಮಡಕೆ ಹತ್ರ ಬರೋರು ಹೂವಿನ ತಟ್ಟೆ ತರ್ಬೇಕು. ನೀರು ತಗೊಂಡೋರು ಹೇಳೋ ಮಾತೊಂದಿದೆ, ಅದನ್ನ ಎಲ್ಲರ ಮುಂದೆ ಹೇಳ್ಬೇಕು. ಮಡಕೆ ಓಡಿಹೋದ್ರೆ ಮರಳಿ ಕೊಡ್ತೀನಿ ಅಂತ."

"ಅದ್ಭುತ!" ಥನಾವತ್ ಕ್ಯಾಮೆರಾದವಳಿಗೆ ಆಗಲೇ ಫೋನ್ ಹಚ್ಚಿದ್ದ. "ಹೂವು, ಮೇಣದ ಬತ್ತಿ, ಹಳ್ಳಿಯ ಹೆಂಗಸರು. ಇದೇ ಬೇಕಿತ್ತು ನಮಗೆ."

ಪ್ರೊಫೆಸರ್ ಆದಿಸೊರ್ನ್ ಏನೋ ಹೇಳಲು ಬಾಯಿ ತೆರೆದರು. ಲಮ್ಯೈ ಅವರನ್ನು ನೋಡಿದಳು. ಅವರು ಬಾಯಿ ಮುಚ್ಚಿ, ಅವಳು ತಂದ ಸುಟ್ಟ ಮೀನಿಗೆ ಕೈ ಹಾಕಿದರು.

ದಾರಿನಿ ಬಸ್ ನಿಲ್ದಾಣದವರೆಗೆ ಅವ್ವನ ಖಾಲಿ ಬುಟ್ಟಿ ಹಿಡಿದು ಬಂದಳು.

"ಅವನು ಮಾತು ಹೇಳ್ತಾನೆ, ಕೊಡಲ್ಲ ಅವ್ವ," ಎಂದಳು ದಾರಿನಿ. "ಅವನಿಗೆ ಅದು ನಾಟಕ."

"ನಮಗೆ ಅಲ್ವಲ್ಲ. ನೀನು ಏನ್ ಮಾಡ್ತೀಯ ಅದನ್ನ ಯೋಚ್ನೆ ಮಾಡು."

"ಅಜ್ಜಿ ನನ್ನ ಕೈಯಿಂದ ಊಟಾನೂ ಮಾಡಲ್ಲ."

"ಹಂಗಾದ್ರೆ ಅದಕ್ಕೇನು ಮಾಡ್ಬೇಕೋ ಅದನ್ನೂ ಯೋಚ್ನೆ ಮಾಡು," ಎಂದು ಲಮ್ಯೈ ಬಸ್ಸು ಹತ್ತಿದಳು.

ಮನೆಯಲ್ಲಿ ವಿಷಯ ಕೇಳಿ ಖಂಫಾ ಕೆಂಡವಾದಳು. "ಸತ್ತ ಮಡಕೆ ಮುಂದೆ ಅವನಿಗೆ ಮೆರವಣಿಗೆ ಮಾಡ್ತೀಯಾ?"

"ಮೆರವಣಿಗೆ ಅಲ್ಲವ್ವ. ಅವನು ತಗೊಂಡಾಗಿದೆ. ತಗೊಂಡೆ ಅಂತ ಅವನ ಬಾಯಿಂದಾನೇ ಬರ್ಲಿ. ಊರೆಲ್ಲ ಕೇಳ್ಲಿ, ಅವನ ಕ್ಯಾಮೆರಾನೂ ಕೇಳ್ಲಿ."

ಅಜ್ಜಿ ಎಲೆ ಅಡಿಕೆ ಜಗಿಯುತ್ತ ಯೋಚಿಸಿದಳು. ಮೆಲ್ಲಗೆ ಅವಳ ಕಣ್ಣುಗಳು ಕಿರಿದಾದವು. "ನಿನ್ನ ದೊಡ್ಡಮ್ಮ ಬದುಕಿದ್ದಿದ್ರೆ ಇದನ್ನ ನೋಡಿ ಖುಷಿಪಡ್ತಿದ್ಲು," ಎಂದವಳೇ, ಬಹಳ ದಿನಗಳ ಮೇಲೆ ಕಳಲೆ ಸಾರನ್ನು ಎರಡು ಸಲ ಬಡಿಸಿಕೊಂಡಳು.

ಬೇಸಿಗೆಯ ಬಿಸಿಲು ಏರಿ, ಕೆಂಪಿರುವೆಯ ಮೊಟ್ಟೆ ಸಂತೆಗೆ ಬರುವ ಹೊತ್ತಿಗೆ ಥನಾವತ್, ಪ್ರೊಫೆಸರ್ ಎಲ್ಲರೂ ಬಂದರು. ಎರಡು ಕಾರು, ದೊಡ್ಡ ಕ್ಯಾಮೆರಾ. ಊರಿನ ಹೆಂಗಸರು ತಮ್ಮ ಅತಿ ಗಾಢ ನೀಲಿಯ ರವಿಕೆ ತೊಟ್ಟು ಅಂಗಳದಲ್ಲಿ ಚಾಪೆ ಹಾಸಿ ಕೂತಿದ್ದರು. ಥನಾವತ್ ಕೈಯಲ್ಲಿ ಪೇಟೆಯಲ್ಲಿ ಕೊಂಡ ಹೂವಿನ ತಟ್ಟೆ, ಅದಕ್ಕೆ ರೇಷ್ಮೆ ಪಟ್ಟಿ ಬೇರೆ ಕಟ್ಟಿತ್ತು. ದಾರಿನಿ ದೊಡ್ಡ ಗಾಜಿನ ಪಾತ್ರೆಯೊಂದನ್ನು ಎದೆಗೆ ಒತ್ತಿಕೊಂಡು ಇಳಿದಳು. ಮಡಕೆಯ ಪಕ್ಕ ಇಟ್ಟು ತೋರಿಸಲಿಕ್ಕೆ.

"ಒಳಗಿರೋದು ಬಣ್ಣದ ನೀರು," ಎಂದು ಥನಾವತ್ ಕ್ಯಾಮೆರಾದ ಹುಡುಗಿಗೆ ಹೇಳುವುದು ಲಮ್ಯೈಗೆ ಕೇಳಿಸಿತು. "ಹತ್ತಿರದಿಂದ ತೆಗೀಬೇಡ."

ಖಂಫಾ ಮಡಕೆಯ ಹಿಂದೆ ಕೂತಿದ್ದಳು. ಬಾಯಿಗೆ ಬಟ್ಟೆ ಕಟ್ಟಿದ್ದಂತೆಯೇ ಇತ್ತು. ಥನಾವತ್ ಮಂಡಿಯೂರಿ ತಟ್ಟೆ ಎತ್ತಿ ಹಿಡಿದ. ಕ್ಯಾಮೆರಾದ ಕೆಂಪು ದೀಪ ಹತ್ತಿತು.

"ನಾನು ಹೇಳಿದಂಗೆ ಹೇಳಪ್ಪ," ಎಂದಳು ಅಜ್ಜಿ. "ಈ ನೀರು ಖಂಫಾಳ ಮಡಕೆಯದು."

"ಈ ನೀರು ಖಂಫಾ ಅಜ್ಜಿಯವರ ಮಡಕೆಯದು."

"ನಾವು ತಗೊಂಡಿದೀವಿ, ಇನ್ನೂ ಇಟ್ಕೊಂಡಿದೀವಿ."

"ನಾವು ತಗೊಂಡಿದೀವಿ, ಇನ್ನೂ ಇಟ್ಕೊಂಡಿದೀವಿ." ಅವನ ದನಿ ಸಿನಿಮಾದವರಂತೆ ಭಾರವಾಯಿತು.

"ನಿನ್ನ ಮಡಕೆ ಓಡಿಹೋದ ದಿನ ತಡ ಮಾಡ್ದೆ ಮರಳಿಸ್ತೀವಿ."

"ನಿನ್ನ ಮಡಕೆ ಓಡಿಹೋದ ದಿನ ತಡ ಮಾಡದೆ ಮರಳಿಸ್ತೀವಿ."

ಅಜ್ಜಿ ತಟ್ಟೆ ತೆಗೆದುಕೊಂಡು ಹಣೆಗೆ ಮುಟ್ಟಿಸಿದಳು. ಆಮೇಲೆ ಮಡಕೆಯ ಬಟ್ಟೆ ಬಿಚ್ಚಿದಳು. ಕೊಳೆತ ವಾಸನೆ ಅಂಗಳಕ್ಕೆಲ್ಲ ಹರಡಿತು. ಥನಾವತ್ ಮೂಗಿಗೆ ಕೈ ಅಡ್ಡ ಹಿಡಿದ.

"ಓಡಿಹೋಗಿದೆ," ಎಂದಳು ಖಂಫಾ, ಅಂಗೈ ಚಾಚಿ. "ತಾ."

ಚಾಪೆಯ ಮೇಲಿದ್ದ ಹೆಂಗಸರೆಲ್ಲ ಒಂದೇ ಸಲ ಎದ್ದು ನಿಂತರು. ಯಾರೂ ಕೂಗಲಿಲ್ಲ.

"ಏನಿದು?" ಥನಾವತ್ ಸುತ್ತ ನೋಡಿದ. "ಇದು... ಇದು ಫಿಲ್ಮಿಗೆ ಹೇಳಿದ ಮಾತು. ಪ್ರೊಫೆಸರ್, ನೀವಾದ್ರೂ ಹೇಳಿ ಇವರಿಗೆ."

"ನಮ್ಮ ಕಡೆ ತಟ್ಟೆ ಹಿಡಿದು ಫಿಲ್ಮಿಗೆ ಮಾತಾಡೋ ಪದ್ಧತಿ ಇಲ್ಲ," ಎಂದರು ಆದಿಸೊರ್ನ್. ಅವರ ದನಿ ಗಟ್ಟಿಯಾಗಿತ್ತು. "ಹೇಳಿದ್ದೀರಿ. ಎಲ್ಲರೂ ಕೇಳಿದೀವಿ."

"ಕ್ಯಾಮೆರಾ ನಿಲ್ಸು! ಕೊಡೋಕೆ ನನ್ನ ಹತ್ರ ಏನಿದೆ ಇಲ್ಲಿ? ಆ ಪಾತ್ರೇಲಿ ಬರೀ ಬಣ್ಣದ ನೀರು!"

"ಅಲ್ಲ ಸರ್," ಎಂದಳು ದಾರಿನಿ.

ಅವಳು ಪಾತ್ರೆಯನ್ನು ಮಡಕೆಯ ಪಕ್ಕ ಇಳಿಸಿದಳು. ಮುಚ್ಚಳ ತಿರುಗಿಸಿದಳು. ಹುಳಿ, ಸಿಹಿ, ಬೂದಿ ಕಲೆತ ವಾಸನೆ. ಲಮ್ಯೈಗೆ ತನ್ನ ಬಾಲ್ಯದ ಇಡೀ ಅಂಗಳ ಎದ್ದು ಬಂದಂತಾಯಿತು.

"ಅಜ್ಜಿಯ ನೀರೇ. ಹೆಪ್ಪು ಕರಗಿಸಿ ಎರಡು ವಾರದಿಂದ ಸಾಕಿದೀನಿ. ನಮ್ಮ ಹೊಸ ಹುಳ ಪ್ರಯೋಗಶಾಲೇಲೇ ಇದೆ ಸರ್, ಅದು ನಾವು ಮಾಡಿದ್ದು, ಅದರ ಬಗ್ಗೆ ನಂಗೆ ಹೆಮ್ಮೆ ಇದೆ. ಇದು ನಾವು ಮಾಡಿದ್ದಲ್ಲ."

"ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

"ತಿಳ್ಕೊಂಡೇ ತಂದೆ."

ಪ್ರಯೂನ್ ಮುಂದೆ ಬಂದು ಥನಾವತ್‌ನ ಹೆಗಲ ಮೇಲೆ ಕೈಯಿಟ್ಟ. "ಊಟಕ್ಕೆ ಏಳಿ ಸಾಹೇಬ್ರೆ. ಇರುವೆ ಮೊಟ್ಟೆ ಸಾರು ಮಾಡಿದೀವಿ. ಜಗಳ ಊಟ ಆದ್ಮೇಲೂ ಆಡ್ಬಹುದು."

ಅವನು ಊಟ ಮಾಡದೆ ಹೊರಟ. ಪ್ರೊಫೆಸರ್ ಮಾಡಿದರು, ಎರಡನೇ ಸಲವೂ ಹಾಕಿಸಿಕೊಂಡರು. ಕ್ಯಾಮೆರಾದ ಹುಡುಗಿ ನಿಲ್ಲಿಸು ಎಂದಾಗ ನಿಲ್ಲಿಸಿರಲಿಲ್ಲ. ಅವಳ ಅವ್ವನೂ ನೇಯುವವಳೇ ಎಂದು ಆಮೇಲೆ ಗೊತ್ತಾಯಿತು.

ಜಗಳ ಮುಗಿಯಲಿಲ್ಲ. ಕಂಪನಿಯ ವಕೀಲರು ಫೋನ್ ಮಾಡಿದರು, ಊರಿನ ಹೆಂಗಸರೂ ಸಂಘ ಕಟ್ಟಿ ತಮ್ಮ ವಕೀಲೆಯನ್ನು ಹಿಡಿದರು. ನೀರು ಯಾರ ಮಡಕೆಯದು ಎಂದು ಥನಾವತ್ ತನ್ನ ಬಾಯಿಂದಲೇ ಹೇಳಿದ್ದನ್ನು ಆ ಸೀಮೆಯ ಅರ್ಧ ಜನ ತಮ್ಮ ಫೋನಿನಲ್ಲಿ ನೋಡಿಯಾಗಿತ್ತು. ದಾರಿನಿಯನ್ನು ತೆಗೆದರೆ ತಾನೂ ಹೋಗುವುದಾಗಿ ಪ್ರೊಫೆಸರ್ ಬರೆದುಕೊಟ್ಟರು. ಕಂಪನಿ ಸದ್ಯಕ್ಕೆ ಇಬ್ಬರನ್ನೂ ಮುಟ್ಟಲಿಲ್ಲ.

"ಗೆಲ್ತೀವಾ ಅವ್ವ?" ಎಂದು ಫೋನಿನಲ್ಲಿ ದಾರಿನಿ ಕೇಳಿದಾಗ ಲಮ್ಯೈ ಹೇಳಿದಳು: "ಜಗಳ ಈಗ ನಮ್ಮಂಗಳದಲ್ಲಿದೆ. ಇಲ್ಲಿ ನಾವು ಯಾವತ್ತೂ ಸೋತಿಲ್ಲ. ಬೇಕಾದ್ರೆ ನಿಮ್ಮಪ್ಪನ್ನ ಕೇಳು."

ದಾರಿನಿ ತಂದ ನೀರು ಹುಯ್ದ ಮೇಲೂ ಮಡಕೆ ಮೊದಲ ಕೆಲವು ದಿನ ಸುಮ್ಮನಿತ್ತು. ಆಮೇಲೆ ಒಂದು ಬೆಳಗ್ಗೆ ಬಟ್ಟೆ ಬಿಚ್ಚಿದರೆ ಅಂಚಿನ ಸುತ್ತ ನೇರಳೆ ನೊರೆ ಎದ್ದಿತ್ತು. ಖಂಫಾ ಬೆರಳು ಅದ್ದಿ ನಾಲಿಗೆಗೆ ಇಟ್ಟಳು. ಈ ಸಲ ಉಗುಳಲಿಲ್ಲ.

ಆ ವಾರ ಊರಿನ ಹೆಂಗಸರು ತಟ್ಟೆ ಹಿಡಿದು ಬಂದರು, ಹೊಳೆಯಾಚೆಯ ನೀರು ತಂದಿದ್ದವರೂ ಬಂದರು. ಸಾಲಿನ ಕೊನೆಯಲ್ಲಿ ದಾರಿನಿ ನಿಂತಿದ್ದಳು, ಬಸ್ಸಿನ ಧೂಳು ಇನ್ನೂ ಕೂದಲಲ್ಲಿತ್ತು. ಅವಳ ತಟ್ಟೆಯಲ್ಲಿ ಬೇಲಿಯ ಹೂವು ಐದು ಜೊತೆ, ಬತ್ತಿ ಐದು ಜೊತೆ. ಸರದಿ ಬಂದಾಗ ಮಂಡಿಯೂರಿ ಹೇಳಬೇಕಾದ ಮಾತನ್ನು ಒಂದೂ ತಪ್ಪದೆ ಹೇಳಿದಳು.

ಅಜ್ಜಿ ತಟ್ಟೆ ಪಕ್ಕಕ್ಕಿಟ್ಟು ಮೊಮ್ಮಗಳ ಕೈ ಹಿಡಿದು ನೋಡಿದಳು. ಉಗುರ ಸಂದಿಯಲ್ಲಿ ನೀಲಿ ಇತ್ತು. ಎಲೆಯದೋ ಹುಳದ್ದೋ, ಎರಡೂ ಒಂದೇ ನೀಲಿ.

"ಲಮ್ಯೈ, ಖಾಲಿ ಕೆಚಪ್ ಬಾಟ್ಲಿ ಒಂದು ತಾರೇ," ಎಂದು ಕೂಗಿದಳು. ಬಾಟ್ಲಿಯನ್ನು ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದು, ದಾರಿನಿಯ ಮಡಿಲಿಗೆ ಹಾಕಿದಳು.

"ಈಗ ಕೇಳಿ ತಗೊಂಡಿದೀಯ. ಹೋಗು, ನಿನ್ನ ಪ್ರಯೋಗಶಾಲೆಯ ಕಬ್ಬಿಣದ ಮಡಕೇಲೂ ಬೆಳೆಸು. ಯಾರ ಮನೆ ನೀರು ಅಂತ ಯಾರಾದ್ರೂ ಕೇಳಿದ್ರೆ ಹೆಸರು ಹೇಳು. ಈಗ ಮೊದಲು ಒಳಗೆ ಬಂದು ಬಡ್ಸು, ಹಸಿವಾಗ್ತಿದೆ ನಂಗೆ."